ಚೋಕ್ ಬಿಟ್ಟರೆ ಆಫ್ ಆಗುವ ಆರ್‌ಎಕ್ಸ್: ಕಾರ್ಬೊರೇಟರ್ ಜೆಟ್ ಕ್ಲೀನ್ ಮಾಡುವುದು, ಬದಲಿಸುವುದು

ಮಳೆಗಾಲ ಪೂರ್ತಿ ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿದ್ದ ಯಮಹಾ ಆರ್‌ಎಕ್ಸ್ 100 ಬೈಕನ್ನು ಆಯುಧಪೂಜೆ ಹೊತ್ತಿಗೆ ಹೊರಗೆ ತಂದು, ತೊಳೆದು, ಕಿಕ್ ಹೊಡೆದರೆ ಚೋಕ್ ಎಳೆದಾಗ ಮಾತ್ರ ಸ್ಟಾರ್ಟ್ ಆಗುತ್ತದೆ. ಚೋಕ್ ಬಿಟ್ಟ ಕೂಡಲೇ ಆಫ್. ರೈಸ್ ಮಾಡಿ ಹಿಡಿದುಕೊಂಡರೆ ಓಡುತ್ತದೆ, ಕೈ ಬಿಟ್ಟರೆ ಮತ್ತೆ ಸೈಲೆಂಟ್. ಮೊದಲ ಸಲ ಹೀಗಾದಾಗ ನಾನು ಪ್ಲಗ್ ಬದಲಿಸಿದೆ. ಆಮೇಲೆ ಪ್ಲಗ್ ಕ್ಯಾಪ್. ಆಮೇಲೆ ಕಾಯಿಲ್ ಕೂಡ ಬದಲಿಸಿದೆ, ದುಡ್ಡು ಹೋಯ್ತು, ಗಾಡಿ ಹಾಗೇ ಇತ್ತು. ಕೊನೆಗೆ ನೋಡಿದರೆ ಸಮಸ್ಯೆ ಇದ್ದದ್ದು ಸೂಜಿ ಮೊನೆ ಹೋಗುವಷ್ಟು ಸಣ್ಣ ತೂತಿನಲ್ಲಿ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕಳಿಸುವ ಕಾರ್ಬೊರೇಟರ್ ಒಳಗೆ, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿಕೊಂಡಿತ್ತು, ಅಷ್ಟೇ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಎಂಟು ಸಲ ಜೆಟ್ ಬದಲಿಸುವ ಅಗತ್ಯವೇ ಇರುವುದಿಲ್ಲ, ಕ್ಲೀನ್ ಮಾಡಿದರೆ ಸಾಕು. ಅಂಗಡಿಯಲ್ಲಿ ದೊಡ್ಡ ಜೆಟ್ ಹಾಕಿದ್ರೆ ಪಿಕಪ್ ಜಾಸ್ತಿ ಅಂತ ಯಾರೋ ಹೇಳಿದರು ಅಂತ ತಂದು ಹಾಕಬೇಡಿ. ಮೊದಲು ತೊಳೆಯಿರಿ, ಓಡಿಸಿ ನೋಡಿ, ಆಮೇಲೆ ನಂಬರ್ ವಿಚಾರ.

ನಾನು ಬರೆಯುತ್ತಿರುವುದು ಆರ್‌ಎಕ್ಸ್ 100ರಲ್ಲಿ ಬರುವ ಮಿಕುನಿ ಕಂಪನಿಯ ವಿಎಂ ಮಾದರಿಯ ಕಾರ್ಬೊರೇಟರ್ ಬಗ್ಗೆ, ಅಂದರೆ ಆಕ್ಸಿಲರೇಟರ್ ತಿರುಗಿಸಿದಾಗ ಒಳಗೆ ಉದ್ದನೆಯ ಸ್ಲೈಡ್ ಮೇಲೇಳುವಂಥದ್ದು. ಬುಲೆಟ್‌ಗಳಲ್ಲಿ ಬರುತ್ತಿದ್ದ ಮಿಕ್‌ಕಾರ್ಬ್ ಕೂಡ ಇದೇ ಜಾತಿ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಫ್ಯುಯೆಲ್ ಇಂಜೆಕ್ಷನ್ ಆಗಿಬಿಟ್ಟವು, ಅವಕ್ಕೂ ಈ ಲೇಖನಕ್ಕೂ ಸಂಬಂಧ ಇಲ್ಲ.

ಬಿಚ್ಚುವ ಮೊದಲು: ಯಾವ ಜೆಟ್?

ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಬರುವ ದಾರಿ ಒಂದಲ್ಲ. ಆಕ್ಸಿಲರೇಟರ್ ಎಷ್ಟು ತಿರುಗಿಸಿದ್ದೀರಿ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಪೂರ್ತಿ ಬಿಟ್ಟಾಗಿನಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಗಾಳಿ ಹೊಂದಿಸುವ ಏರ್ ಸ್ಕ್ರೂ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡ್‌ಗೆ ನೇತುಹಾಕಿರುವ ಉದ್ದ ಸೂಜಿ, ಅಂದರೆ ಜೆಟ್ ನೀಡಲ್. ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್. ಗೆರೆ ಎಳೆದಂತೆ ಬೇರೆಬೇರೆ ಇರುವುದಿಲ್ಲ, ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡೇ ಇರುತ್ತವೆ. ಆದರೆ ತೊಂದರೆ ಹುಡುಕಲು ಇಷ್ಟು ಸಾಕು.

ಹ್ಯಾಂಡಲ್‌ನ ಆಕ್ಸಿಲರೇಟರ್ ಗ್ರಿಪ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಪಕ್ಕದ ಸ್ವಿಚ್ ಬಾಕ್ಸ್ ಮೇಲೆ ಇನ್ನೊಂದು. ಪೆನ್ನಲ್ಲಿ ಸೊನ್ನೆ, ಕಾಲು, ಅರ್ಧ, ಮುಕ್ಕಾಲು ಅಂತ ಗೀರು ಹಾಕಿ. ನೋಡಿದವರು ನಗುತ್ತಾರೆ, ನಗಲಿ. ಈಗ ಓಡಿಸಿ ನೋಡಿ ಎಲ್ಲಿ ಮಿಸ್ ಹೊಡೆಯುತ್ತದೆ, ಎಲ್ಲಿ ಎಳೆಯುವುದಿಲ್ಲ ಅಂತ. ನಿಂತಲ್ಲೇ ಆಫ್ ಆಗುತ್ತದೆ ಆದರೆ ರೋಡಲ್ಲಿ ಚೆನ್ನಾಗಿ ಓಡುತ್ತದೆ ಅಂದರೆ ಪೈಲಟ್. ಊರೊಳಗೆ ಎಲ್ಲ ಸರಿ, ಹೈವೇಯಲ್ಲಿ ಪೂರ್ತಿ ತಿರುಗಿಸಿದಾಗ ಮಾತ್ರ ಉಸಿರು ಕಟ್ಟಿದ ಹಾಗೆ ಆಗುತ್ತದೆ ಅಂದರೆ ಮೇನ್ ಜೆಟ್, ಇಲ್ಲವೇ ಟ್ಯಾಂಕಿನಿಂದಲೇ ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲ. ಪೆಟ್ರೋಲ್ ಕಾಕ್‌ನ ಜಾಲರಿ ಒಮ್ಮೆ ನೋಡಿಬಿಡಿ, ತುಕ್ಕು ತುಂಬಿದ ಟ್ಯಾಂಕ್ ಇಟ್ಟುಕೊಂಡು ಜೆಟ್ ಎಷ್ಟು ತೊಳೆದರೂ ಒಂದೇ ವಾರ.

ಇನ್ನೊಂದು ವಿಷಯ. ಕಾರ್ಬೊರೇಟರ್‌ಗೂ ಇಂಜಿನ್‌ಗೂ ನಡುವೆ ಇರುವ ರಬ್ಬರ್ ಜಾಯಿಂಟ್ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ ಬರುತ್ತದೆ. ಬಟ್ಟೆ ಇಸ್ತ್ರಿ ಮಾಡುವವರು ಇಟ್ಟುಕೊಳ್ಳುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಗಾಡಿ ಸ್ಟಾರ್ಟ್ ಇರುವಾಗ ಆ ರಬ್ಬರ್ ಸುತ್ತ ಹೊಡೆಯಿರಿ. ಸದ್ದು ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ ಅಂತ. ಪೆಟ್ರೋಲ್ ಹೊಡೆದು ನೋಡುವವರೂ ಇದ್ದಾರೆ, ಬಿಸಿ ಇಂಜಿನ್ ಮೇಲೆ ಆ ಸಾಹಸ ಬೇಡ.

ಬಿಚ್ಚುವುದು

ಜಾಗ ಬಯಲಾಗಿರಲಿ, ಅಂಗಳ ಒಳ್ಳೆಯದು. ಒಲೆ, ಬೀಡಿ, ದೇವರ ದೀಪ ಯಾವುದೂ ಹತ್ತಿರ ಬೇಡ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಅಂಚು ಎತ್ತರ ಇರುವ ಹಳೇ ಸ್ಟೀಲ್ ತಟ್ಟೆ ಒಂದು ಇಟ್ಟುಕೊಳ್ಳಿ, ಬಿಚ್ಚಿದ್ದೆಲ್ಲ ಅದರಲ್ಲೇ. ಮಣ್ಣಿನ ಅಂಗಳದಲ್ಲಿ ಫ್ಲೋಟ್ ಪಿನ್ ಬಿದ್ದರೆ ಮಧ್ಯಾಹ್ನ ಪೂರ್ತಿ ಅದನ್ನು ಹುಡುಕುವುದೇ ಕೆಲಸ. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಒಂದು ಫೋಟೋ ತೆಗೆಯಿರಿ.

ಪೆಟ್ರೋಲ್ ಕಾಕ್ ಆಫ್ ಮಾಡಿ. ಪೈಪ್ ತೆಗೆಯುವ ಮೊದಲು ಕಾರ್ಬೊರೇಟರ್ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಒಳಗಿನ ಪೆಟ್ರೋಲನ್ನು ಒಂದು ಗಾಜಿನ ಲೋಟಕ್ಕೆ ಇಳಿಸಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಲೋಟವನ್ನು ಎರಡು ನಿಮಿಷ ಅಲುಗಾಡಿಸದೆ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಉರುಳಾಡುವ ಗುಳ್ಳೆ ಥರ ಕಂಡರೆ ಅದು ನೀರು. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ನಿಂತ ಗಾಡಿಗೆ ಕೇಳಬೇಕಾ. ಹಳಸಿದ ಪೆಟ್ರೋಲ್ ಆದರೆ ಮೂಗಿಗೇ ಗೊತ್ತಾಗುತ್ತದೆ, ಹಳೇ ವಾರ್ನಿಷ್ ಡಬ್ಬ ತೆಗೆದ ಹಾಗಿನ ವಾಸನೆ.

ಆಮೇಲೆ ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡನ್ನು ಕೇಬಲ್ ಸಮೇತ ಮೇಲಕ್ಕೆ ಎಳೆಯಿರಿ. ಸೂಜಿ ಬಗ್ಗದಂತೆ ಒಂದು ಬಟ್ಟೆ ಸುತ್ತಿ ಟ್ಯಾಂಕ್ ಮೇಲಿಡಿ. ಕಾರ್ಬೊರೇಟರ್ ಎರಡೂ ಕಡೆಯ ಹಿಡಿತ ಸಡಿಲಿಸಿ, ಸ್ವಲ್ಪ ತಿರುಗಿಸುತ್ತಾ ಹೊರಗೆ ತೆಗೆಯಿರಿ. ಇಂಜಿನ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಮತ್ತೆ ಕೂರಿಸುವಾಗ ಅದನ್ನು ತೆಗೆಯಲು ಮರೆಯಬೇಡಿ, ನಗಬೇಡಿ, ಮರೆಯುತ್ತೀರಿ.

ಕೆಳಗಿನ ಬಟ್ಟಲಿನ ಸ್ಟಾರ್ ಸ್ಕ್ರೂಗಳೇ ದೊಡ್ಡ ತಲೆನೋವು. ಜಪಾನಿ ಗಾಡಿಗಳ ಸ್ಕ್ರೂ ತಲೆ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್‌ಗೆ ಸರಿಯಾಗಿ ಕೂರುವುದಿಲ್ಲ, ಆಕಾರ ಸ್ವಲ್ಪ ಬೇರೆ, ಜೋರಾಗಿ ತಿರುಗಿಸಿದರೆ ಜಾರಿ ತಲೆ ಸವೆದು ಬಟ್ಟಲಾಗುತ್ತದೆ. ಜೆಐಎಸ್ (ಜಪಾನಿ ಅಳತೆ) ಅಂತ ಕೇಳಿ ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಸಿಗದಿದ್ದರೆ ಸ್ಕ್ರೂಡ್ರೈವರನ್ನು ಸ್ಕ್ರೂ ಮೇಲಿಟ್ಟು ಹಿಡಿಗೆ ಹಗುರವಾಗಿ ಎರಡು ಏಟು ಕೊಟ್ಟು, ಮೈಭಾರ ಹಾಕಿ ಒತ್ತಿ ತಿರುಗಿಸಿ. ಬಟ್ಟಲು ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಹಿಡಿಯಿಂದ ಪಕ್ಕಕ್ಕೆ ತಟ್ಟಿ, ಬರುತ್ತದೆ.

ಒಳಗೆ ಪೆಟ್ರೋಲ್ ಮೇಲೆ ತೇಲುತ್ತಾ ಅದರ ಮಟ್ಟ ಕಾಯುವ ಫ್ಲೋಟ್ ಕಾಣುತ್ತದೆ. ಅದರ ಪಿನ್ ಮೆಲ್ಲಗೆ ತಳ್ಳಿ ತೆಗೆಯಿರಿ, ಜೊತೆಗೆ ಚಿಕ್ಕ ಫ್ಲೋಟ್ ವಾಲ್ವ್ ಸೂಜಿಯೂ ಬರುತ್ತದೆ. ಫ್ಲೋಟನ್ನು ಕಿವಿ ಹತ್ತಿರ ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ಹೋಯ್ತು, ಹೊಸದು ಬೇಕು.

ಈಗ ಜೆಟ್‌ಗಳು. ನಡುವಿನಲ್ಲಿ ಉದ್ದಕ್ಕೆ ಎದ್ದು ಕಾಣುವುದು ಮೇನ್ ಜೆಟ್. ಪಕ್ಕದಲ್ಲಿ ಬಾವಿಯೊಳಗೆ ಇದ್ದ ಹಾಗೆ ಆಳದಲ್ಲಿ ಕೂತಿರುವುದು ಪೈಲಟ್. ಎರಡೂ ಹಿತ್ತಾಳೆ, ಹಿತ್ತಾಳೆ ಮೆತ್ತಗೆ. ಪೈಲಟ್‌ಗೆ ಅದರ ಗೀರಿನ ಅಗಲಕ್ಕೆ ಸರಿಯಾಗಿ ಕೂರುವ ಚಪ್ಪಟೆ ಸ್ಕ್ರೂಡ್ರೈವರೇ ಬೇಕು. ನನ್ನ ಮೊದಲ ಪೈಲಟ್ ಜೆಟ್‌ನ ಗೀರನ್ನು ನಾನು ಟೆಸ್ಟರ್ ಹಾಕಿ ಹರಿದುಬಿಟ್ಟೆ. ಗೀರಿನ ಒಂದು ತುಟಿ ಮಡಚಿ ಎದ್ದು ಬಂತು, ಚಿನ್ನದ ಚೂರಿನ ಹಾಗೆ ಹೊಳೆಯುತ್ತಿತ್ತು, ಆಮೇಲೆ ಅದನ್ನು ಹೊರಗೆ ತೆಗೆಸಲು ಲೇತ್ ಅಂಗಡಿಗೆ ಹೋಗಬೇಕಾಯಿತು.

ಮೇನ್ ಜೆಟ್ ಬಿಚ್ಚಿದ ಮೇಲೆ ಅದರ ಹಿಂದಿರುವ ನೀಡಲ್ ಜೆಟ್ ಮೇಲಿನ ಕಡೆಗೆ ಬರುತ್ತದೆ, ಮರದ ಕಡ್ಡಿಯಿಂದ ಒತ್ತಿ. ಅದು ಕೂತಿದ್ದ ದಿಕ್ಕು ನೋಡಿಟ್ಟುಕೊಳ್ಳಿ.

ಹೊರಗಡೆ ಎರಡು ಸ್ಕ್ರೂ ಇವೆ. ದೊಡ್ಡದು ಸ್ಲೈಡನ್ನು ಎತ್ತಿ ಹಿಡಿಯುವ ಐಡಲ್ ಸ್ಕ್ರೂ, ಐಡಲ್ ಅಂದರೆ ಆಕ್ಸಿಲರೇಟರ್ ಬಿಟ್ಟಾಗಲೂ ಇಂಜಿನ್ ಓಡುತ್ತಿರುವ ವೇಗ. ಏರ್ ಫಿಲ್ಟರ್ ಕಡೆ ಇರುವ ಚಿಕ್ಕದು ಏರ್ ಸ್ಕ್ರೂ. ಏರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಮೆತ್ತಗೆ ತಾಗಿತು ಅಂತ ಎಣಿಸಿ, ಒಂದೂವರೆ ಸುತ್ತು ಅಂತಾದರೆ ಹಾಗೇ ಚೀಟಿಯಲ್ಲಿ ಬರೆಯಿರಿ. ತಾಗಿದ ಮೇಲೆ ಬಿಗಿ ಮಾಡಬೇಡಿ, ಮೊನೆ ಹಾಳಾಗುತ್ತದೆ.

ತೊಳೆಯುವುದು

ಪೈಲಟ್ ಜೆಟ್ ತೆಗೆದು ಆಕಾಶಕ್ಕೆ ಹಿಡಿದು ನೋಡಿ. ಸ್ವಚ್ಛ ಇದ್ದರೆ ಒಳಗೆ ಒಂದು ದುಂಡನೆಯ ಬೆಳಕಿನ ಚುಕ್ಕೆ ಕಾಣುತ್ತದೆ. ಕಟ್ಟಿಕೊಂಡಿದ್ದರೆ ಕತ್ತಲೆ, ಅಥವಾ ಚುಕ್ಕೆ ಒಂದು ಕಡೆ ಕಚ್ಚಿದ ಹಾಗೆ ಅರ್ಧಚಂದ್ರ. ಆ ಅರ್ಧಚಂದ್ರವೇ ಮೋಸ ಮಾಡುವುದು, ಯಾಕಂದರೆ ಬೆಳಕು ಕಂಡಿತು ಅಂತ ನಾವು ಹಾಗೇ ಹಾಕಿಬಿಡುತ್ತೇವೆ. ಪಕ್ಕದಲ್ಲಿರುವ ಚಿಕ್ಕಚಿಕ್ಕ ಅಡ್ಡ ತೂತುಗಳನ್ನೂ ನೋಡಿ.

ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ, ಮತ್ತೆ ಹೊಡೆಯಿರಿ. ಆಗಲೂ ಬಿಡದಿದ್ದರೆ ಮೀನು ಹಿಡಿಯುವ ಗಾಳದ ಸಣ್ಣ ನೈಲಾನ್ ದಾರ ತೂರಿಸಿ. ಅಥವಾ ಕರೆಂಟ್ ವೈರ್‌ನೊಳಗಿನ ತಾಮ್ರದ ಒಂದೇ ಎಳೆ. ಕ್ಲಚ್ ಕೇಬಲ್‌ನ ಎಳೆ ಬೇಡ, ಸೇಫ್ಟಿ ಪಿನ್ ಬೇಡ. ಅವು ಉಕ್ಕು, ಹಿತ್ತಾಳೆಯನ್ನು ಕೆರೆದು ತೂತು ದೊಡ್ಡದು ಮಾಡುತ್ತವೆ. ಆಮೇಲೆ ಜೆಟ್ ಮೇಲಿನ ನಂಬರಿಗೂ ಒಳಗಿನ ತೂತಿಗೂ ಸಂಬಂಧವೇ ಇರುವುದಿಲ್ಲ. ಹಿತ್ತಾಳೆ ಅಂದ ಕೂಡಲೇ ನಮ್ಮ ಅಮ್ಮ ಹುಣಸೆಹಣ್ಣು ತಂದಿಟ್ಟಿದ್ದರು. ದೇವರ ದೀಪಕ್ಕೆ ಸರಿ, ಜೆಟ್‌ಗೆ ಬೇಡ, ಅದರ ನಾರೇ ಹೋಗಿ ತೂತಿಗೆ ಕೂರುತ್ತದೆ.

ಜೆಟ್ ಮಾತ್ರ ತೊಳೆದು ನಿಲ್ಲಿಸುವವರೇ ಜಾಸ್ತಿ. ಜೆಟ್ ಕೂರುವ ಬಾವಿಯಿಂದ ಮುಂದಕ್ಕೆ ಬಾಡಿಯೊಳಗೆ ಸಣ್ಣ ದಾರಿಗಳಿವೆ, ಅವೂ ಕಟ್ಟಿರುತ್ತವೆ. ಸ್ಪ್ರೇಯ ಉದ್ದ ನಳಿಕೆಯನ್ನು ಪೈಲಟ್ ತೂತಿಗೆ ಇಟ್ಟು ಹೊಡೆದರೆ ಕಾರ್ಬೊರೇಟರ್ ಗಂಟಲಿನಲ್ಲಿ, ಸ್ಲೈಡ್ ಕೂರುವ ಜಾಗದ ಹತ್ತಿರ, ಕಂಡೂ ಕಾಣದ ತೂತಿನಿಂದ ಚಿಮ್ಮಬೇಕು. ಏರ್ ಸ್ಕ್ರೂ ತೂತಿನಿಂದಲೂ ಬರಬೇಕು. ಎಲ್ಲಿಂದ ಚಿಮ್ಮುತ್ತದೆ ಅಂತ ಬಗ್ಗಿ ನೋಡುವಾಗಲೇ ಅದು ನೇರ ಕಣ್ಣಿಗೆ ಬರುವುದು. ನನಗೆ ಬಂದಿದೆ, ಅರ್ಧ ಗಂಟೆ ನೀರು ಹಾಕಿಕೊಂಡು ಕೂತಿದ್ದೇನೆ. ಕನ್ನಡಕ ಹಾಕಿಕೊಳ್ಳಿ, ಕೈಗೆ ಗ್ಲೌಸ್ ಇರಲಿ. ಸ್ಪ್ರೇ ಮಾಡುವ ಮೊದಲು ರಬ್ಬರ್ ಓ ರಿಂಗ್, ಗ್ಯಾಸ್ಕೆಟ್ ಎಲ್ಲ ತೆಗೆದಿಡಿ, ಆ ಸ್ಪ್ರೇಗೆ ಅವು ಊದಿಕೊಳ್ಳುತ್ತವೆ. ಕೊನೆಗೆ ಎಲ್ಲವನ್ನೂ ತಟ್ಟೆ ಸಮೇತ ಪಂಕ್ಚರ್ ಅಂಗಡಿಗೆ ತೆಗೆದುಕೊಂಡು ಹೋಗಿ ಕಂಪ್ರೆಸರ್ ಗಾಳಿ ಹೊಡೆಸಿ. ಫ್ಲೋಟ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಜೋಡಿಸಿ ಟ್ಯೂನ್ ಮಾಡುವುದು

ಜೆಟ್‌ಗಳನ್ನು ಮೊದಲು ಬೆರಳಿನಿಂದ ತಿರುಗಿಸಿ ಕೂರಿಸಿ, ಪೈಲಟ್‌ಗೆ ಬೆರಳು ಹೋಗದಿದ್ದರೆ ಸ್ಕ್ರೂಡ್ರೈವರನ್ನು ಎರಡೇ ಬೆರಳಲ್ಲಿ ಹಿಡಿದು. ತಾಗಿದ ಮೇಲೆ ಸ್ವಲ್ಪವೇ ಬಿಗಿ. ಫ್ಲೋಟ್ ವಾಲ್ವ್ ಹಾಕಿದ ಮೇಲೆ ಒಂದು ಪರೀಕ್ಷೆ: ಕಾರ್ಬೊರೇಟರನ್ನು ತಲೆಕೆಳಗಾಗಿ ಹಿಡಿದು ಪೆಟ್ರೋಲ್ ಬರುವ ನಳಿಕೆಗೆ ಚಿಕ್ಕ ಪೈಪ್ ಹಾಕಿ ಊದಿ, ಗಾಳಿ ಹೋಗಬಾರದು. ನೆಟ್ಟಗೆ ಹಿಡಿದು ಊದಿ, ಹೋಗಬೇಕು. ಎರಡೂ ಸರಿ ಇದ್ದರೆ ಪೆಟ್ರೋಲ್ ಉಕ್ಕುವ ಭಯ ಇಲ್ಲ.

ಸ್ಲೈಡ್ ಹಾಕುವಾಗ ಅದರ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆಗೆ ಇರಬೇಕು, ಪಕ್ಕದ ಗೀರು ಒಳಗಿನ ಪಿನ್‌ಗೆ ಸಿಗಬೇಕು. ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರ್ ತಿರುಗಿಸಿ ಬಿಡಿ, ಟಕ್ ಅಂತ ಕೆಳಗೆ ಬೀಳಬೇಕು. ಬೀಳದೆ ಸ್ಟಾರ್ಟ್ ಮಾಡಿದರೆ ಗಾಡಿ ಒಂದೇ ಸಮನೆ ಅರಚಿಕೊಂಡು ಮೇಲೇರುತ್ತದೆ, ಆಗ ಕೈಕಾಲು ಆಡುವುದಿಲ್ಲ.

ಐದಾರು ಕಿಲೋಮೀಟರ್ ಓಡಿಸಿ ಇಂಜಿನ್ ಬಿಸಿ ಮಾಡಿ. ಐಡಲ್ ಸ್ವಲ್ಪ ಜಾಸ್ತಿ ಇಟ್ಟು, ಏರ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋಗಿ. ಒಂದು ಜಾಗದಲ್ಲಿ ಸದ್ದು ಎಲ್ಲಕ್ಕಿಂತ ಚುರುಕಾಗುತ್ತದೆ, ಅಲ್ಲಿ ನಿಲ್ಲಿಸಿ ಐಡಲ್ ಇಳಿಸಿ. ಏರ್ ಸ್ಕ್ರೂ ಒಳಕ್ಕೆ ಹೋದಷ್ಟು ಗಾಳಿ ಕಡಿಮೆ, ಪೆಟ್ರೋಲ್ ಪಾಲು ಜಾಸ್ತಿ. ಕೆಲವು ಕಾರ್ಬೊರೇಟರ್‌ಗಳಲ್ಲಿ ಈ ಸ್ಕ್ರೂ ಇಂಜಿನ್ ಕಡೆ ಇರುತ್ತದೆ, ಅದು ಪೆಟ್ರೋಲ್ ಸ್ಕ್ರೂ, ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ.

ಈ ಸ್ಕ್ರೂವೇ ಪೈಲಟ್ ಜೆಟ್ ಸೈಜ್ ಸರಿ ಇದೆಯಾ ಅಂತಲೂ ಹೇಳುತ್ತದೆ. ಒಂದು ಸುತ್ತಿಗಿಂತ ಒಳಗೆ ಇದ್ದಾಗಲೇ ಚೆನ್ನಾಗಿ ಓಡುತ್ತಿದ್ದರೆ ಪೈಲಟ್ ಚಿಕ್ಕದಾಯಿತು. ಎರಡೂವರೆ ಸುತ್ತಿಗಿಂತ ಹೊರಗೆ ಬಂದರೇನೇ ಸರಿಯಾಗುತ್ತದೆ ಅಂದರೆ ದೊಡ್ಡದಾಯಿತು. ನಡುವೆ ಇದ್ದರೆ ಮುಟ್ಟಬೇಡಿ.

ಬದಲಿಸಲೇಬೇಕಾದರೆ

ಸೈಲೆನ್ಸರ್ ಬದಲಿಸಿದ್ದೀರಿ, ಫಿಲ್ಟರ್ ಬಾಕ್ಸ್ ತೆಗೆದು ಬರೀ ಕೋನ್ ಫಿಲ್ಟರ್ ಹಾಕಿದ್ದೀರಿ ಅಂದರೆ ಗಾಳಿ ಜಾಸ್ತಿ ಬರುತ್ತದೆ, ಪೆಟ್ರೋಲೂ ಜಾಸ್ತಿ ಬೇಕು. ಇದನ್ನು ನಾನು ಪಾಠ ಕಲಿತೇ ಹೇಳುತ್ತಿರುವುದು. ಸೈಲೆನ್ಸರ್ ಬದಲಿಸಿ ಜೆಟ್ ಹಳೆಯದೇ ಬಿಟ್ಟು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಫುಲ್ ರೈಸ್, ಗಾಡಿ ಎಂದಿಗಿಂತ ಹಗುರವಾಗಿ ಎಳೆಯುತ್ತಿದೆ ಅಂತ ಖುಷಿ ಬೇರೆ. ಒಂದು ತಿರುವು ಮುಗಿಯುತ್ತಿದ್ದಂತೆ ಕೀರ್ ಅಂತ ಹಿಂದಿನ ಚಕ್ರ ಹಿಡಿದುಕೊಂಡಿತು. ಕೈ ಹೇಗೋ ಕ್ಲಚ್ ಹಿಡಿಯಿತು, ಅದಕ್ಕೇ ಬೀಳಲಿಲ್ಲ. ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್ ಪಾಲು ಕಡಿಮೆಯಾದರೆ ಗಾಡಿ ಸೀಜ್ ಆಗುವ ಮೊದಲು ಸ್ವಲ್ಪ ಹೊತ್ತು ಬಹಳ ಚೆನ್ನಾಗಿ ಓಡುತ್ತದೆ, ಅದೇ ಮೋಸ.

ಹಾಗಾಗಿ ಯಾವಾಗಲೂ ದೊಡ್ಡ ಮೇನ್ ಜೆಟ್‌ನಿಂದ ಶುರು ಮಾಡಿ ಕೆಳಗೆ ಇಳಿಯಿರಿ. ಈಗ ಇರುವುದಕ್ಕಿಂತ ಎರಡು ಸೈಜ್ ಮೇಲಿನದು ಹಾಕಿ. ಪೂರ್ತಿ ತಿರುಗಿಸಿದಾಗ ಬುಡುಬುಡು ಅಂತ ಫೋರ್ ಸ್ಟ್ರೋಕ್ ಗಾಡಿ ಥರ ಸದ್ದು ಬಂದು ಎಳೆಯದಿದ್ದರೆ ಪೆಟ್ರೋಲ್ ಜಾಸ್ತಿ ಆಯ್ತು ಅಂತ, ಒಂದು ಸೈಜ್ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೇನ್ ಜೆಟ್, ಸೂಜಿ, ಏರ್ ಸ್ಕ್ರೂ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ನಂಬರ್ ವಿಷಯ. ಮಿಕುನಿಯ ಆರು ಮೂಲೆಯ ಮೇನ್ ಜೆಟ್ ನಂಬರ್ ಅದರಲ್ಲಿ ಎಷ್ಟು ಪೆಟ್ರೋಲ್ ಹರಿಯುತ್ತದೆ ಅನ್ನುವ ಲೆಕ್ಕ. ಇನ್ನೊಂದು ಕಂಪನಿ ಕೀಹಿನ್‌ನ ಜೆಟ್ ನಂಬರ್ ತೂತಿನ ಅಳತೆ, 100 ಅಂದರೆ 1 ಮಿಲಿಮೀಟರ್. ಎರಡೂ ಕಡೆ 100 ಅಂತ ಬರೆದಿದೆ ಅಂದಮಾತ್ರಕ್ಕೆ ಎರಡೂ ಒಂದೇ ಅಲ್ಲ. ಹಳೆಯ ಜೆಟ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ನಂಬರೇ ಇಲ್ಲದ ಕಿಟ್ ಜೆಟ್ ಬೇಡ. ಡ್ರಿಲ್ ಹಾಕಿ ದೊಡ್ಡದು ಮಾಡಿಕೊಡುತ್ತೇನೆ ಅಂದವರಿಗೆ ದೂರದಿಂದಲೇ ನಮಸ್ಕಾರ.

ಅರ್ಧ ರೈಸಿನಲ್ಲಿ ಮಾತ್ರ ತೊಂದರೆ ಇದ್ದರೆ ಸೂಜಿಯ ಮೇಲ್ತುದಿಯ ಕ್ಲಿಪ್ ನೋಡಿ, ಸಾಮಾನ್ಯವಾಗಿ ಐದು ಗೀರು ಇರುತ್ತವೆ. ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ. ಮೇಲೆ ಹಾಕಿದರೆ ಕಡಿಮೆ. ಕ್ಲಿಪ್ ತೆಗೆಯುವಾಗ ಬೆರಳು ಅಡ್ಡ ಇಟ್ಟುಕೊಳ್ಳಿ, ಹಾರಿಹೋಗುತ್ತದೆ.

ಈಗ ನೂರಕ್ಕೆ 20 ಭಾಗ ಎಥನಾಲ್ ಇರುವ ಇ20 ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್‌ಗೆ ಅದೆಲ್ಲ ಗೊತ್ತಿಲ್ಲ, ಅದೇ ಗಾಳಿ ಎಳೆಯುತ್ತದೆ, ಮಿಶ್ರಣ ತೆಳುವಾಗುತ್ತದೆ. ನಾನು ಮೇನ್ ಜೆಟ್ ಒಂದು ಸೈಜ್ ಮೇಲೆ, ಕ್ಲಿಪ್ ಒಂದು ಗೀರು ಕೆಳಗೆ ಮಾಡಿಕೊಂಡಿದ್ದೇನೆ. ಮೈಲೇಜ್ ಸ್ವಲ್ಪ ಹೋಯ್ತು, ಪಿಸ್ಟನ್ ಉಳಿಯಿತು.

ಎತ್ತರದ ಲೆಕ್ಕ ಇದಕ್ಕೆ ಉಲ್ಟಾ. ಮೇಲೆ ಹೋದಷ್ಟು ಗಾಳಿ ತೆಳು, ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ. ಮಂಗಳೂರಲ್ಲಿ ಟ್ಯೂನ್ ಮಾಡಿದ ಗಾಡಿ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸ್ವಲ್ಪ ಮಂಕು ಅನ್ನಿಸಬಹುದು. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಅಷ್ಟಕ್ಕೆಲ್ಲ ಜೆಟ್ ಬದಲಿಸಬೇಡಿ, ಏರ್ ಸ್ಕ್ರೂ ಕಾಲು ಸುತ್ತು ಹೊರಗೆ ಸಾಕು. ಲಡಾಖ್‌ಗೆ ಹೋಗುವವರು ಮಾತ್ರ ಚಿಕ್ಕ ಮೇನ್ ಜೆಟ್ ಒಂದೆರಡು ಜೇಬಲ್ಲಿಟ್ಟುಕೊಳ್ಳಿ, ಇಳಿದು ಬರುವಾಗ ಮರೆಯದೆ ಹಳೆಯದು ಹಾಕಿ.

ಕೊನೆಗೆ ಪ್ಲಗ್ ನೋಡುವುದು. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ ಫುಲ್ ರೈಸಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಹಾಗೇ ಉರುಳಿಸಿ ನಿಲ್ಲಿಸಿ. ಚಾವಿಯನ್ನು ಲಾಕ್ ಕಡೆ ತಿರುಗಿಸಿಬಿಡಬೇಡಿ. ಪ್ಲಗ್ ಬಿಚ್ಚಿದಾಗ ಒಳಗಿನ ಬಿಳಿ ಪಿಂಗಾಣಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಸರಿ. ಕಪ್ಪಗೆ ಒದ್ದೆ ಮಸಿ ಇದ್ದರೆ ಜೆಟ್ ದೊಡ್ಡದು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಅಲ್ಲೇ ನಿಲ್ಲಿಸಿ, ಫುಲ್ ರೈಸ್ ಮಾಡದೆ ಮೆಲ್ಲಗೆ ಮನೆಗೆ ಬನ್ನಿ, ದೊಡ್ಡ ಜೆಟ್ ಹಾಕಿ.

ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ದಿನ ಪೆಟ್ರೋಲ್ ಕಾಕ್ ಆಫ್ ಮಾಡಿ, ಇಂಜಿನ್ ತಾನಾಗೇ ಆಫ್ ಆಗುವವರೆಗೆ ಐಡಲ್‌ನಲ್ಲೇ ಬಿಡಿ, ಆಮೇಲೆ ಡ್ರೇನ್ ಸ್ಕ್ರೂ ತೆಗೆದು ಉಳಿದದ್ದನ್ನೂ ಇಳಿಸಿ. ಎರಡು ನಿಮಿಷದ ಕೆಲಸ. ಬಿಚ್ಚಿದ ಹಳೇ ಜೆಟ್‌ಗಳನ್ನು ಒಂದು ಚಿಕ್ಕ ಡಬ್ಬಿಗೆ ಹಾಕಿ, ಯಾವ ಗಾಡಿಯದು, ಯಾವ ನಂಬರ್, ಯಾವ ಸೈಲೆನ್ಸರ್ ಇದ್ದಾಗಿನದು ಅಂತ ಚೀಟಿ ಬರೆದಿಡಿ. ನನ್ನ ಡಬ್ಬಿಯಲ್ಲಿ ಒಂಬತ್ತಿವೆ, ಚೀಟಿ ಇರುವುದು ಐದಕ್ಕೆ ಮಾತ್ರ.